ಜಿಗ್ ಹೆಡ್, ಸೀಸದ ಗುಂಡುಗಳಿಗೆ ಮನೆಯಲ್ಲೇ ಪೌಡರ್ ಕೋಟಿಂಗ್: ಗೋವಾದ ಹಸಿ ಹವೆಯಲ್ಲಿ ಮಾಡುವ ಬಗೆ

ಮೀನು ಹಿಡಿಯುವ ಗಾಳಕ್ಕೆ ಸೇರಿಸಿ ಎರಕ ಹೊಯ್ದ ಸೀಸದ ತಲೆಯೇ ಜಿಗ್ ಹೆಡ್. ಸೀಸ ಮೆತ್ತಗಿನ ಲೋಹ. ಜುವಾರಿ ನದಿಯ ದಂಡೆಯ ಮುರಕಲ್ಲಿಗೋ ಜೆಟ್ಟಿ ಕಂಬಕ್ಕಂಟಿದ ಕಲ್ವದ (ಸಿಂಪಿಯ) ಚಿಪ್ಪಿಗೋ ನಾಲ್ಕು ಸಲ ಬಡಿದರೆ ಮೇಲೆ ಹಚ್ಚಿದ ಎನಾಮಲ್ ಬಣ್ಣ ಹೊಪ್ಪಳೆಯಾಗಿ ಎದ್ದುಬರುತ್ತದೆ. ನೇಲ್ ಪಾಲಿಶ್ ಹಚ್ಚಿದ್ದಾದರೆ ಆಮಿಷವಾಗಿ ಬಳಸುವ ರಬ್ಬರ್ ಮೀನಿನ ಜೊತೆ ಒಂದೇ ಡಬ್ಬಿಯಲ್ಲಿಟ್ಟ ವಾರದಲ್ಲೇ ಅಂಟಂಟಾಗುತ್ತದೆ. ಪೌಡರ್ ಕೋಟಿಂಗ್ ಹಾಗಲ್ಲ. ಪುಡಿ ಕರಗಿ, ಹರಡಿ, ಶಾಖದಲ್ಲೇ ಗಟ್ಟಿಕಟ್ಟಿ ಒಂದು ಪ್ಲಾಸ್ಟಿಕ್ ಚರ್ಮವಾಗುತ್ತದೆ. ಅದಕ್ಕೆ ದುಬಾರಿ ಸ್ಪ್ರೇ ಗನ್ ಬೇಕೇಬೇಕು ಎಂದು ವಾಸ್ಕೋ, ಮಡಗಾಂವ್ ಕಡೆಯ ನಮ್ಮ ಕನ್ನಡದ ಗಾಳದವರಲ್ಲಿ ಹಲವರು ಹಿಂಜರಿಯುತ್ತಾರೆ. ಗನ್ ಬೇಕಾಗಿಲ್ಲ. ಪುಡಿ ಒಣಗಿರಬೇಕು, ಶಾಖ ಸರಿಯಾಗಿರಬೇಕು. ಕೆಟ್ಟುಹೋದ ತುಂಡುಗಳಲ್ಲಿ ಬಹುಪಾಲು ಇವೆರಡರಲ್ಲಿ ಒಂದು ತಪ್ಪಿದ್ದರಿಂದ ಕೆಟ್ಟವು.

ಮೊದಲು ಎಚ್ಚರಿಕೆ

ಸೀಸ ವಿಷ. ದೇಹಕ್ಕೆ ಇಷ್ಟು ಹೋದರೆ ಪರವಾಗಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ, ಗರ್ಭಿಣಿಯರಿಗೆ ಇದರಿಂದ ಹೆಚ್ಚು ಅಪಾಯ. ಆದ್ದರಿಂದ ಸೀಸ ಕರಗಿಸುವುದು ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು. ಅಡುಗೆಮನೆಯಲ್ಲಿ ಎಂದೂ ಬೇಡ. ಕರಗಿದ ಸೀಸದ ಆವಿಗಿಂತ ಮೇಲೆ ಕಟ್ಟುವ ಬೂದು ಕೆನೆಯ ಧೂಳೇ ಕೈಯಿಂದ ಬಾಯಿಗೆ ಹೋಗುವುದು ಹೆಚ್ಚು. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅರದಿಂದ ಉಜ್ಜುವಾಗ ಕೆಳಗೆ ಒದ್ದೆ ಕಾಗದ ಹಾಸಿ, ಮುಗಿದ ಮೇಲೆ ಮಡಿಸಿ ಚೀಲಕ್ಕೆ ಹಾಕಿ ಕಟ್ಟಿ. ಕೆಲಸದ ಅಂಗಿಯನ್ನು ಬೇರೆಯಾಗಿ ಒಗೆಯಿರಿ.

ಬಣ್ಣ ಬೇಯಿಸಲು ಬಳಸಿದ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಓವನ್) ಮತ್ತೆ ಬ್ರೆಡ್ ಸುಡುವಂತಿಲ್ಲ. ಹಳೆಯದೊಂದನ್ನು ಇದಕ್ಕೆಂದೇ ಇಟ್ಟು, ಮೇಲೆ ದಪ್ಪ ಅಕ್ಷರದಲ್ಲಿ ‘ಸೀಸ’ ಎಂದು ಬರೆದುಬಿಡಿ. ವಿದ್ಯುತ್ ಓಟಿಜಿಯೇ ಆಗಬೇಕು. ಗ್ಯಾಸ್, ಮೇಣದಬತ್ತಿ, ಬೆಂಕಿಯ ಯಾವ ನಾಲಿಗೆಯೂ ಪುಡಿಯ ಹತ್ತಿರ ಬರಕೂಡದು. ಗಾಳಿಯಲ್ಲಿ ಎದ್ದ ಪೌಡರ್ ಕಿಡಿ ತಗುಲಿದರೆ ಭಗ್ಗನೆ ಉರಿಯುತ್ತದೆ. ಮುಖಕ್ಕೆ ಎನ್-95 ಮಾಸ್ಕ್ ಇರಲಿ.

ಯಾವ ಸೀಸ

ಮೀನುಗಾರಿಕೆ ಜೆಟ್ಟಿಯ ಬಳಿ ಬಲೆ ಮಾರುವ ಅಂಗಡಿಯಲ್ಲಿ ಬಲೆಗೆ ಕಟ್ಟುವ ಹೊಸ ಸೀಸ ಕೇಳಿ. ಕೊಂಕಣಿಯಲ್ಲಿ ‘ಶಿಶೆಂ’ ಎಂದರೆ ಅರ್ಥವಾಗುತ್ತದೆ. ಅದು ಶುದ್ಧ, ಮೆತ್ತಗೆ, ತೊಂದರೆಯಿಲ್ಲ. ಗುಜರಿಯವರಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಏನು ಬೆರೆತಿದೆಯೋ ತಿಳಿಯುವುದಿಲ್ಲ, ಆ ಬೆರಕೆ ಬೇಯಿಸುವ ಹೊತ್ತಿನಲ್ಲಿ ಕೈಕೊಡುತ್ತದೆ. ಶುದ್ಧ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಣ್ಣ ಬೇಯುವುದು 180ರಿಂದ 200ರಲ್ಲಿ. ನಡುವೆ ಬೇಕಾದಷ್ಟು ಅಂತರವಿದೆ. ಆದರೆ ರೇಡಿಯೊ ರಿಪೇರಿಯ 63-37 ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಅಂಥದ್ದು ಹೆಚ್ಚಾಗಿ ಬೆರೆತಿದ್ದರೆ ಜಿಗ್ ಹೆಡ್‌ನ ಮೂಗು ಓವನ್ನಿನಲ್ಲೇ ಜೋತುಬೀಳುತ್ತದೆ. ಸೀಸ ಬೇಡವೆಂದು ಬಿಸ್ಮತ್-ತವರದ ಮಿಶ್ರಲೋಹದಲ್ಲಿ ಎರಕ ಹೊಯ್ಯುವವರೂ ಇದನ್ನು ನೆನಪಿಡಬೇಕು: ಆ ಜೋಡಿ ಕರಗಲು 138 ಡಿಗ್ರಿ ಸಾಕು, ಅದಕ್ಕೆ ಪೌಡರ್ ಕೋಟಿಂಗ್ ಆಗುವುದೇ ಇಲ್ಲ.

ಹಳೆಯ ಬ್ಯಾಟರಿಯ ಸೀಸವನ್ನು ಮುಟ್ಟಬೇಡಿ. ಅದರಲ್ಲಿ ಆಮ್ಲವಿದೆ. ಒಳಗಿನ ಆರ್ಸೆನಿಕ್, ಆಂಟಿಮನಿಗಳಿಂದ ಪ್ರಾಣಕ್ಕೇ ಎರವಾಗುವ ಅನಿಲ ಹುಟ್ಟಬಹುದು.

ಎರಕದ ಬಗ್ಗೆ ಇಲ್ಲಿ ಒಂದೇ ಮಾತು. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಕ್ಷಣದಲ್ಲಿ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಮಳೆಗಾಲದಲ್ಲಿ ಅಚ್ಚು, ಸೌಟು, ಹೊಸದಾಗಿ ಹಾಕುವ ಸೀಸದ ತುಂಡು ಎಲ್ಲವನ್ನೂ ಮೊದಲು ಬಿಸಿ ಮಾಡಿ ಪಸೆ ಆರಿಸಿಯೇ ಕೆಲಸಕ್ಕೆ ಇಳಿಯಿರಿ.

ಪುಡಿ ಕೊಳ್ಳುವುದು, ಕಾಪಾಡುವುದು

ಅಲ್ಯೂಮಿನಿಯಂ ಕಿಟಕಿಗಳಿಗೆ ಬಳಿಯುವುದು ಪಾಲಿಯೆಸ್ಟರ್ ಪುಡಿ. ಅದು ಬಿಸಿಲಿಗೆ ಬಣ್ಣ ಬಿಡುವುದಿಲ್ಲ. ಕಬ್ಬಿಣದ ಕಪಾಟುಗಳಿಗೆ ಬಳಿಯುವುದು ಎಪಾಕ್ಸಿ ಬೆರೆತ ಹೈಬ್ರಿಡ್. ಬರೀ ಎಪಾಕ್ಸಿ ಗಟ್ಟಿಯಾಗಿ ಹಿಡಿಯುತ್ತದೆ, ಬಿಸಿಲಲ್ಲಿ ಸುಣ್ಣದಂತೆ ಪುಡಿಯೇಳುತ್ತದೆ. ಜಿಗ್ ಹೆಡ್‌ಗೆ ಪಾಲಿಯೆಸ್ಟರ್ ಅಥವಾ ಹೈಬ್ರಿಡ್ ಸಾಕು. ಸಿಕ್ಕರೆ ಟಿಜಿಐಸಿ ಇಲ್ಲದ ಪುಡಿಯನ್ನೇ ಕೇಳಿ, ಆ ಗಟ್ಟಿಕಾರಕ ಉಸಿರಿಗೆ ಒಳ್ಳೆಯದಲ್ಲ. ಕೈಗಾರಿಕಾ ವಸಾಹತುಗಳ ಪೌಡರ್ ಕೋಟಿಂಗ್ ಘಟಕದಲ್ಲಿ ಉಳಿಕೆ ಪುಡಿಯನ್ನು ಬಿಡಿಯಾಗಿ ಕೊಡುವುದುಂಟು. 14 ಗ್ರಾಂನ ತಲೆಗೆ ಹಿಡಿಯುವುದು ಗ್ರಾಂನ ಒಂದು ಅಂಶ ಮಾತ್ರ, 100 ಗ್ರಾಂ ಪುಡಿಯಲ್ಲಿ ನೂರಾರು ತಲೆಗಳಾಗುತ್ತವೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬರೆದ ಶಾಖ, ನಿಮಿಷಗಳನ್ನು ಗುರುತು ಮಾಡಿಕೊಳ್ಳಿ. ಅದಿಲ್ಲದ ಪುಡಿ ಬೇಡ.

ಗೋವಾದ ಹವೆಯಲ್ಲಿ ಪುಡಿಯೇ ಮೊದಲು ಕೆಡುವುದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲು ಬೀಳದ ತಣ್ಣನೆಯ ಜಾಗದಲ್ಲಿಡಿ. ಚಮಚದಲ್ಲಿ ಎತ್ತಿ ಸುರಿದಾಗ ಗೋಧಿಹಿಟ್ಟಿನಂತೆ ಸಲೀಸಾಗಿ ಜಾರಬೇಕು. ಗಂಟು ಕಟ್ಟಿದ್ದರೆ ಸಣ್ಣ ಕಣ್ಣಿನ ಜರಡಿಯಲ್ಲಿ ಹಾಯಿಸಿ. ಒತ್ತಿದರೂ ಒಡೆಯದ ಗಂಟಾದರೆ ಎಸೆಯಿರಿ, ಶಾಖಕ್ಕೆ ಸಿಕ್ಕಿ ಅರ್ಧ ಗಟ್ಟಿಯಾದ ಪುಡಿ ಅದು.

ಬಿಸಿ ಮಾಡಿ ಅದ್ದುವುದು

ಗಾಳ ಸೇರಿಸಿ ಎರಕ ಹೊಯ್ದ ಜಿಗ್ ಹೆಡ್‌ಗೆ ಇದೇ ಒಳ್ಳೆಯ ದಾರಿ. ಮಳೆಗಾಲದಲ್ಲೂ ನಡೆಯುತ್ತದೆ, ಏಕೆಂದರೆ ಪುಡಿ ಹಿಡಿಯುವುದು ಸ್ಥಾಯಿ ವಿದ್ಯುತ್ತಿನಿಂದಲ್ಲ, ಬಿಸಿಯಿಂದ.

ಅಂಚಿಗೆ ಎದ್ದ ತೆಳು ಸೀಸವನ್ನು ಕತ್ತರಿಸಿ ತೆಗೆಯಿರಿ. ಹಳೆಯ ತುಂಡಾದರೆ ಅಸಿಟೋನ್‌ನಲ್ಲಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಆರಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತಲ್ಲಿ ಬಣ್ಣ ನಿಲ್ಲುವುದಿಲ್ಲ.

ಓಟಿಜಿಯಲ್ಲಿ 175 ಡಿಗ್ರಿಯಲ್ಲಿ ಹತ್ತು ನಿಮಿಷ ತುಂಡುಗಳನ್ನು ಕಾಯಿಸಿ. ಒಂದೊಂದನ್ನೇ ಗಾಳದ ಬಾಗಿನಲ್ಲಿ ಇಕ್ಕಳದಿಂದ ಹಿಡಿದು, ತಲೆ ಮಾತ್ರ ಮುಳುಗುವಂತೆ ಪುಡಿಯಲ್ಲಿ ಒಂದೆರಡು ಸೆಕೆಂಡು ಅದ್ದಿ ಎತ್ತಿ, ಇಕ್ಕಳವನ್ನು ತಟ್ಟಿ ಹೆಚ್ಚಿನ ಪುಡಿ ಉದುರಿಸಿ. ಕೆಲವೇ ಸೆಕೆಂಡಿನಲ್ಲಿ ಪುಡಿ ಒದ್ದೆಯಾದಂತೆ ಕಂಡು ನಿಧಾನವಾಗಿ ಹೊಳಪಿಗೆ ತಿರುಗಬೇಕು. ಒಣ ಹಿಟ್ಟಿನಂತೆಯೇ ಉಳಿದರೆ ಬಿಸಿ ಸಾಲದು. ಮುಟ್ಟಿದ ಕ್ಷಣವೇ ಕರಗಿ ದಪ್ಪನೆ ಕೂತು ಎರಕದ ಗೆರೆ, ಕಣ್ಣಿನ ಗುಳಿ ಮುಚ್ಚಿಹೋದರೆ ಬಿಸಿ ಜಾಸ್ತಿ. ಹೀಟ್ ಗನ್ ಬಳಸುವವರೂ ಗಡಿಯಾರ ನೋಡುವುದಕ್ಕಿಂತ ಈ ಚಿಹ್ನೆ ನೋಡಲಿ. ಪುಡಿಯ ಡಬ್ಬಿ ಮಾತ್ರ ಗನ್ನಿನ ಗಾಳಿಗೆ ದೂರವಿರಬೇಕು.

ಬರೀ ಡಬ್ಬಿಯಲ್ಲಿ ಅದ್ದಿದರೆ ಪುಡಿ ಒತ್ತೊತ್ತಾಗಿ ಹಿಡಿಯುತ್ತದೆ. ಅದನ್ನು ಗಾಳಿಯಲ್ಲಿ ಹಗುರ ಮಾಡಿದರೆ ಲೇಪ ತೆಳುವಾಗಿ ಸಮನಾಗಿ ಬರುತ್ತದೆ. ಎರಡಿಂಚಿನ ಪಿವಿಸಿ ಪೈಪಿನ ಐದಿಂಚಿನ ತುಂಡು, ಕೆಳಗೆ ಮುಚ್ಚಳ, ಅದರೊಳಗೆ ಅಕ್ವೇರಿಯಂ ಪಂಪಿನ ನಳಿಗೆ, ನಳಿಗೆಗೂ ಪುಡಿಗೂ ನಡುವೆ ಬಿಗಿಯಾಗಿ ಎಳೆದು ಅಂಟಿಸಿದ ಎರಡು ಪದರ ಕಾಫಿ ಫಿಲ್ಟರ್ ಕಾಗದ. ಇಷ್ಟೇ. ನಳಿಗೆಯಲ್ಲಿ ಒಂದು ವಾಲ್ವ್ ಹಾಕಿ ಗಾಳಿ ಹೊಂದಿಸಿ. ಪುಡಿ ಸಣ್ಣ ಉರಿಯ ಗಂಜಿಯಂತೆ ಮೆಲ್ಲಗೆ ಕುದಿಯಬೇಕು, ಡಬ್ಬಿಯಿಂದ ಹೊಗೆಯಂತೆ ಏಳಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಂಪು ಎಳೆಯುವ ಗಾಳಿಯೇ ಹಸಿ. ಪಂಪು ಮತ್ತು ಡಬ್ಬಿಯ ನಡುವೆ ಸಿಲಿಕಾ ಜೆಲ್ ತುಂಬಿದ ಬಾಟಲಿ ಕೂರಿಸಿ, ಗಾಳಿ ಅದರ ಮೂಲಕವೇ ಹಾದುಹೋಗಲಿ.

ತಂಗೂಸು, ಅಂದರೆ ಗಾಳದ ನೈಲಾನ್ ದಾರ, ಕಟ್ಟುವ ಕಣ್ಣಿಗೆ ಪುಡಿ ತುಂಬಿದ್ದರೆ ಬೇಯಿಸುವ ಮೊದಲೇ, ಇನ್ನೂ ಮೆತ್ತಗಿರುವಾಗ ಸೂಜಿಯಿಂದ ಚುಚ್ಚಿ ತೆರೆಯಿರಿ. ಬೆಂದ ಮೇಲೆ ಕೊರೆದು ತೆಗೆಯಹೋದರೆ ಕಣ್ಣಿನ ಸುತ್ತ ಬಣ್ಣ ಸಿಡಿದು, ಆ ಚೂಪಾದ ಅಂಚು ತಂಗೂಸನ್ನು ತರಿಯುತ್ತದೆ.

ಎರಡು ಬಣ್ಣ ಬೇಕಿದ್ದರೆ ಮೊದಲು ಬಿಳಿಯಲ್ಲಿ ಅದ್ದಿ, ಬಿಸಿ ಇರುವಾಗಲೇ ಮೆತ್ತನೆಯ ಕುಂಚದಲ್ಲಿ ಇನ್ನೊಂದು ಪುಡಿ ತೆಗೆದು ಬೆನ್ನಿನ ಮೇಲೆ ಕುಂಚವನ್ನು ತಟ್ಟಿ ಉದುರಿಸಿ. ಕತ್ತಲಲ್ಲಿ ಹೊಳೆಯುವ ಪುಡಿಗೂ, ಮಿಂಚುವ ಹಳದಿ-ಹಸಿರಿಗೂ ಕೆಳಗೆ ಬಿಳಿ ಇರಲೇಬೇಕು. ಬೂದು ಸೀಸದ ಮೇಲೆ ನೇರ ಬಳಿದರೆ ಅವು ಮಂಕಾಗುತ್ತವೆ.

ಕುಲುಕಿ ಹಿಡಿಸುವುದು

ಗಾಳವಿಲ್ಲದ ಮೊಟ್ಟೆಯಾಕಾರದ ಗುಂಡುಗಳಿಗೆ ಮಾತ್ರ. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಗುರುತಿರುವ ಪಾಲಿಪ್ರೊಪಿಲೀನ್ ಡಬ್ಬಿಗೆ ಆಟಿಕೆ ಬಂದೂಕಿನ 6 ಮಿಮೀ ಪ್ಲಾಸ್ಟಿಕ್ ಮಣಿಗಳನ್ನು ತಳ ಮುಚ್ಚುವಷ್ಟು ಹಾಕಿ, ಕಾಲು ಕಿಲೋ ಗುಂಡು, ಒಂದು ಟೀ ಚಮಚ ಪುಡಿ ಸೇರಿಸಿ, ಒಂದು ನಿಮಿಷ ಗಿರಗಿರನೆ ತಿರುಗಿಸಿ. ಉಜ್ಜಾಟದಿಂದ ಹುಟ್ಟುವ ಸ್ಥಾಯಿ ವಿದ್ಯುತ್ತು ಪುಡಿಯನ್ನು ಅಂಟಿಸುತ್ತದೆ. ಗುಂಡುಗಳನ್ನು ಇಕ್ಕಳದಲ್ಲಿ ಎತ್ತಿ ತೂತಿಗೆ ತಂತಿ ಪೋಣಿಸಿ, ಒಂದಕ್ಕೊಂದು ತಾಗದಂತೆ ತೂಗುಹಾಕಿ. ಡಿಸೆಂಬರ್, ಜನವರಿಯಲ್ಲಿ ಇದು ಚೆನ್ನಾಗಿ ಬರುತ್ತದೆ. ಜುಲೈಯಲ್ಲಿ ಪ್ರಯತ್ನಿಸಬೇಡಿ, ಹಸಿ ಗಾಳಿಯಲ್ಲಿ ಆ ವಿದ್ಯುತ್ತು ನಿಲ್ಲುವುದಿಲ್ಲ. ಮಾಡಲೇಬೇಕಾದರೆ ಏಸಿ ಹಾಕಿದ ಕೋಣೆಯಲ್ಲಿ, ಗುಂಡುಗಳನ್ನು ಬೆಚ್ಚಗೆ ಮಾಡಿಕೊಂಡು.

ಬೇಯಿಸುವುದು

ಪುಡಿಯ ಪೆಟ್ಟಿಗೆಯ ಮೇಲೆ 180 ಡಿಗ್ರಿ, 15 ನಿಮಿಷ ಎಂದು ಬರೆದಿದ್ದರೆ ಅದು ಲೋಹದ ಶಾಖ, ಓಟಿಜಿಯ ತಿರುಗಿಸುವ ಗುಬ್ಬಿಯ ಮೇಲಿನ ಅಂಕಿಯಲ್ಲ. ಆ ಗುಬ್ಬಿಯನ್ನು ನಂಬಬೇಡಿ, ಇಪ್ಪತ್ತು ಡಿಗ್ರಿ ಆಚೀಚೆ ಇರುವುದು ಮಾಮೂಲು. ಓವನ್ ಥರ್ಮಾಮೀಟರ್ ಒಂದನ್ನು ತುಂಡುಗಳ ಮಟ್ಟದಲ್ಲೇ ತೂಗುಹಾಕಿ. ಕೆಳಗೆ ಒಂದು ಹಂಚಿನ ತುಂಡು ಇಟ್ಟರೆ ಶಾಖ ಏರಿಳಿಯುವುದು ಕಡಿಮೆಯಾಗುತ್ತದೆ. 28 ಗ್ರಾಂನ ಗುಂಡು ಕಾಯಲು ಎಂಟು ಹತ್ತು ನಿಮಿಷ ಬೇಕು, ಬೇಯುವ 15 ನಿಮಿಷ ಅದರ ನಂತರದ ಲೆಕ್ಕ. ಮೇಲಿನ ಕಾಯಿಲ್ ನೇರ ಬಡಿದರೆ ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ನಡುವೆ ಅಲ್ಯೂಮಿನಿಯಂ ಹಾಳೆ ಅಡ್ಡ ಕೊಡಿ. ಕಿಟಕಿ ತೆರೆದಿರಲಿ. ಆದ ಮೇಲೆ ಬಾಗಿಲು ತೆರೆದು ತಾನಾಗಿ ತಣಿಯಲು ಬಿಡಿ.

ಪ್ರತಿ ಕಂತಿನಲ್ಲೂ ಒಂದು ತುಂಡನ್ನು ಪರೀಕ್ಷೆಗೆ ಬಲಿಕೊಡಬೇಕು. ಸುತ್ತಿಗೆಯಿಂದ ಚಪ್ಪಟೆಯಾಗುವಂತೆ ಬಡಿಯಿರಿ. ಬಣ್ಣ ಸೀಸದ ಜೊತೆಗೇ ಹರಡಿಕೊಂಡರೆ ಸರಿ, ಚಕ್ಕೆ ಎದ್ದರೆ ಬೆಂದಿಲ್ಲ ಅಥವಾ ಕೆಳಗೆ ಜಿಡ್ಡಿತ್ತು. ಇನ್ನೊಂದನ್ನು ಅಸಿಟೋನ್ ಅದ್ದಿದ ಹತ್ತಿಯಿಂದ ಇಪ್ಪತ್ತು ಸಲ ಉಜ್ಜಿ. ಹೊಳಪು ಸ್ವಲ್ಪ ತಗ್ಗಬಹುದು. ಹತ್ತಿಗೆ ಬಣ್ಣ ಧಾರಾಳವಾಗಿ ಹತ್ತಿದರೆ ಇಡೀ ಕಂತನ್ನು ಮತ್ತೆ ಓವನ್ನಿಗೆ ಹಾಕಿ ಹತ್ತು ನಿಮಿಷ ಬೇಯಿಸಿ, ಹಾಳಾಗುವುದೇನಿಲ್ಲ.

ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾದರೆ ಪುಡಿ ದಪ್ಪವಾಗಿ ಕೂತಿದೆ. ಸೂಜಿಮೊನೆಯ ತೂತು, ಗುಳ್ಳೆ ಬಂದರೆ ಎರಕದೊಳಗೆ ಪಸೆಯೋ ಎಣ್ಣೆಯೋ ಸಿಕ್ಕಿಕೊಂಡಿತ್ತು. ಮುಂದಿನ ಕಂತನ್ನು ಪುಡಿ ಮುಟ್ಟಿಸುವ ಮೊದಲು 200 ಡಿಗ್ರಿಯಲ್ಲಿ ಕಾಲು ಗಂಟೆ ಖಾಲಿ ಬೇಯಿಸಿ, ಆಮೇಲೆ 175ಕ್ಕೆ ಇಳಿಸಿ ಅದ್ದಿ. ಮೀನಿನ ಕಣ್ಣಿನಂಥ ಅಂಟಿನ ಕಣ್ಣು ಹಚ್ಚುವುದಿದ್ದರೆ ಪೂರ್ತಿ ತಣಿದ ಮೇಲೆಯೇ, ಮೇಲೊಂದು ಹನಿ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು ಹಾಕಿ.

ಬಣ್ಣ ಬಂದ ಮಾತ್ರಕ್ಕೆ ಸೀಸದ ವಿಷ ಹೋಗಲಿಲ್ಲ. ಕಲ್ಲಿಗೆ ಬಡಿದು ಚಕ್ಕೆ ಎದ್ದಲ್ಲಿ ಸೀಸ ಮತ್ತೆ ಹೊರಗೆ ಕಾಣುತ್ತದೆ. ಸೀಸದ ಗುಂಡು ನುಂಗಿ ಹಂಸಗಳು ಸತ್ತವೆಂದು ಬ್ರಿಟನ್ 1987ರಲ್ಲೇ 28.35 ಗ್ರಾಂವರೆಗಿನ ಗಾಳದ ಸೀಸದ ಮಾರಾಟಕ್ಕೆ ತಡೆ ಹಾಕಿತು. ತಂಗೂಸು ತುಂಡಾಗಿ ಉಳಿದ ಜಿಗ್‌ಗಳು ಇಳಿತದ ಹೊತ್ತಿಗೆ ಕಲ್ಲುಸಂದಿಯಲ್ಲಿ ಕಣ್ಣಿಗೆ ಬೀಳುತ್ತವೆ. ನಿಮ್ಮದಲ್ಲದಿದ್ದರೂ ಹೆಕ್ಕಿ ತನ್ನಿ. ಮತ್ತೆ ಕರಗಿಸುವಾಗ ಹಳೆಯ ಬಣ್ಣ ಸುಟ್ಟು ಗಾಟು ಹೊಗೆ ಏಳುತ್ತದೆ, ಪಾತ್ರೆಯಿಂದ ನಾಲ್ಕು ಹೆಜ್ಜೆ ಹಿಂದೆ ಗಾಳಿ ಬರುವ ಕಡೆ ನಿಂತು, ಹೊಗೆ ಪೂರ್ತಿ ಅಡಗಿದ ಮೇಲೆ ಕೆನೆ ತೆಗೆಯಿರಿ.