ಪಡುಗಾಳಿಯಲ್ಲಿ ಚೆಂಡು ತಗ್ಗಿಸಿ ಹೊಡೆಯುವುದು

ಕಾರವಾರದ ಗಾಳಿಗೆ ಹೊತ್ತುಗೊತ್ತು ಇದೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಗುಡ್ಡದ ಕಡೆಯ ನೆಲಗಾಳಿ ಹೆಚ್ಚೂಕಡಿಮೆ ಅಡಗಿರುತ್ತದೆ. ಹನ್ನೊಂದರ ಸುಮಾರಿಗೆ ಕಡಲಗಾಳಿ ಏಳುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪಡುವಣದಿಂದಲೋ ವಾಯವ್ಯದಿಂದಲೋ ಬಿಡದೆ ಬೀಸುತ್ತದೆ. ಗಾಳಿಯಲ್ಲಿ ಗಾಲ್ಫ್ ಆಡುವುದನ್ನು ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಅದೇ ಜಾಗ, ಅದೇ ಕ್ಲಬ್, ಅದೇ ಹತ್ತು ಚೆಂಡು; ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ. ನಾನು ಅಭ್ಯಾಸ ಮಾಡುವುದೂ ಕಲಿಸುವುದೂ ಹೀಗೆಯೇ.

ಅಭ್ಯಾಸಕ್ಕೆ ಕೊಯ್ಲು ಮುಗಿದ ಗದ್ದೆಯೂ ಆಗುತ್ತದೆ, ಆದರೆ ಇಳಿತದ ಹೊತ್ತಿನ ಒದ್ದೆ ಮರಳಿನಷ್ಟು ಖಚಿತವಾಗಿ ಅದು ಏನನ್ನೂ ಹೇಳುವುದಿಲ್ಲ. ಅಲೆ ಆಗಷ್ಟೇ ಬಿಟ್ಟುಹೋದ ಮರಳು ಗಟ್ಟಿ ನೆಲದಂತಿರುತ್ತದೆ. ಚೆಂಡಿಟ್ಟ ಕಡೆ ಕಾಲಿನಿಂದ ಅಡ್ಡಗೆರೆ ಎಳೆಯಿರಿ. ಕ್ಲಬ್ ಮಾಡಿದ ಗೀರು ಆ ಗೆರೆಯ ಮುಂದೆ ಶುರುವಾಗಿದ್ದರೆ ಚೆಂಡಿಗೆ ಮೊದಲು ತಾಗಿದೆ, ಹಿಂದೆ ಶುರುವಾಗಿದ್ದರೆ ಮರಳಿಗೆ. ಆಚೆ ತುದಿಯಲ್ಲಿ ಚೆಂಡು ಬಿದ್ದಲ್ಲಿ ಚಿಪ್ಪಿನಂಥ ಗುಳಿ, ಅಲ್ಲಿಂದ ಮುಂದಕ್ಕೆ ಉರುಳಿದ ತೆಳ್ಳನೆಯ ಜಾಡು. ಗುಳಿಯವರೆಗೆ ಹೆಜ್ಜೆ ಎಣಿಸಿದರೆ ಹಾರಿದ ದೂರ, ಜಾಡು ಎಣಿಸಿದರೆ ಉರುಳಿದ ದೂರ. ಎರಡನ್ನೂ ಬೇರೆ ಬೇರೆ ಬರೆದಿಡಿ. ಜನರಿರುವ ಬೀಚಿನಲ್ಲಿ ಈ ಅಭ್ಯಾಸ ಬೇಡವೇ ಬೇಡ. ಮೀನುಗಾರರು ರಂಪಣಿ ಬಲೆ ಎಳೆಯುತ್ತಿದ್ದರೆ, ಮುಂದೆ 250 ಗಜದೊಳಗೆ ಒಬ್ಬರೇ ಒಬ್ಬರು ನಡೆಯುತ್ತಿದ್ದರೂ, ಕ್ಲಬ್ ಚೀಲದಲ್ಲೇ ಇರಲಿ. ಕಡಲಾಮೆ ಮೊಟ್ಟೆಗೆ ಬೇಲಿ ಹಾಕಿದ ಜಾಗದ ಹತ್ತಿರ ಸುಳಿಯಬೇಡಿ.

ಹೊಡೆದ ಚೆಂಡು ಹಿಮ್ಮುಖವಾಗಿ ಗಿರಗಿರ ತಿರುಗುತ್ತ ಹಾರುತ್ತದೆ. ಮಧ್ಯಮ ದೂರಕ್ಕೆ ಬಳಸುವ 7 ಐರನ್ ಎಂಬ ಕ್ಲಬ್ಬಿನಲ್ಲಿ ಈ ಸ್ಪಿನ್ ನಿಮಿಷಕ್ಕೆ ಸುಮಾರು 7,000 ಸುತ್ತು. ಚೆಂಡನ್ನು ಎತ್ತಿ ಹಿಡಿಯುವುದೇ ಅದು. ಎದುರುಗಾಳಿಯಲ್ಲಿ ಎತ್ತುವ ಬಲವೂ ತಡೆಯುವ ಬಲವೂ ಒಟ್ಟಿಗೇ ಹೆಚ್ಚುತ್ತವೆ. ಚೆಂಡು ಗಾಳಿಪಟದ ಹಾಗೆ ಮೇಲೆದ್ದು, ಅಲ್ಲೇ ನಿಂತು, ನೆಟ್ಟಗೆ ಕೆಳಗೆ ಬೀಳುತ್ತದೆ. ಗಾಳಿ ಜೋರಿದೆ ಎಂದು ನೀವೂ ಜೋರಾಗಿ ಬೀಸಿದರೆ ಸ್ಪಿನ್ ಇನ್ನೂ ಏರುತ್ತದೆ, ಚೆಂಡು ಇನ್ನೂ ಮೇಲೇರುತ್ತದೆ. ಮಧ್ಯಾಹ್ನದ ಹತ್ತು ಚೆಂಡುಗಳಲ್ಲಿ ಹೊಸಬರ ಆರೇಳು ಹೀಗೇ ಹಾಳಾಗುತ್ತವೆ. ಹಿಂದೆ ಬ್ರಿಟನ್ನಿನಲ್ಲಿ ಆಡುತ್ತಿದ್ದ 1.62 ಇಂಚಿನ ಸಣ್ಣ ಚೆಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. 1974ರಿಂದ ಓಪನ್ ಚಾಂಪಿಯನ್‌ಷಿಪ್‌ನಲ್ಲಿ, 1990ರಿಂದ ಎಲ್ಲೆಡೆ, 1.68 ಇಂಚಿನದೇ ಕಡ್ಡಾಯವಾಯಿತು. ಈಗ ಆ ಕೆಲಸ ಹೊಡೆತದಿಂದಲೇ ಆಗಬೇಕು.

ಹೊಡೆತ ಹೀಗೆ. 150 ಗಜಕ್ಕೆ ಸಾಮಾನ್ಯವಾಗಿ 7 ಐರನ್ ಹಿಡಿಯುವವರು 5 ಐರನ್ ತೆಗೆದುಕೊಳ್ಳಿ (ಸಂಖ್ಯೆ ಇಳಿದಷ್ಟೂ ಚೆಂಡು ತಗ್ಗಾಗಿ, ದೂರ ಹೋಗುತ್ತದೆ). ಗ್ರಿಪ್ಪನ್ನು ಒಂದೂವರೆ ಇಂಚು ಕೆಳಗೆ ಹಿಡಿಯಿರಿ. ಕಾಲುಗಳ ಅಂತರ ಸ್ವಲ್ಪ ಕಡಿಮೆ ಇರಲಿ, ಚೆಂಡು ಎಂದಿನ ಜಾಗಕ್ಕಿಂತ ಒಂದೇ ಒಂದು ಚೆಂಡಿನಗಲ ಹಿಂದಕ್ಕಿರಲಿ. ಬಲಗೈ ಆಟಗಾರರ ಮೈಭಾರದಲ್ಲಿ ನೂರಕ್ಕೆ ಅರವತ್ತು ಪಾಲು ಎಡಗಾಲಿನ ಮೇಲೆ, ಕೊನೆಯವರೆಗೂ ಅಲ್ಲೇ. ಕೈ ಹಿಂದಕ್ಕೆ ಹೋಗುವಾಗ ಭುಜದ ಮಟ್ಟ ದಾಟಬಾರದು, ಹೊಡೆದ ಮೇಲೆ ಎದೆಯ ಮಟ್ಟದಲ್ಲಿ ನಿಲ್ಲಬೇಕು. ಎದೆ ಗುರಿಯ ಕಡೆ ತಿರುಗುತ್ತಲೇ ಇರಬೇಕು. ಎದೆ ನಿಂತು ಕೈ ಮಾತ್ರ ಓಡಿದರೆ ಕ್ಲಬ್ಬಿನ ಮುಖ ಮುಚ್ಚಿಕೊಂಡು ಚೆಂಡು ಎಡಕ್ಕೆ ಹೋಗುತ್ತದೆ.

ಹೆಚ್ಚಿನವರು ತಪ್ಪುವುದು ಚೆಂಡಿಡುವುದರಲ್ಲಿ. ತಗ್ಗಾಗಿ ಹೋಗಲಿ ಎಂದು ಚೆಂಡನ್ನು ಬಲಗಾಲಿನವರೆಗೆ ತಳ್ಳುತ್ತಾರೆ. ಆಗ ಕ್ಲಬ್ ಕಡಿದಾಗಿ ಇಳಿಯುತ್ತದೆ. ಚೆಂಡು ತಗ್ಗಾಗಿ ಹೊರಟರೂ ಸ್ಪಿನ್ ತುಂಬಿಕೊಂಡು ಎಂಬತ್ತು ಗಜ ದಾಟಿದ ಮೇಲೆ ಎದ್ದುಬಿಡುತ್ತದೆ. ಮರಳಿನಲ್ಲಿ ಉದ್ದನೆಯ ತೆಳು ಗೀರಿನ ಬದಲು ಆಳವಾದ ಗುಂಡಿ ಕಂಡರೆ ಕಾರಣ ಇದೇ. ಚೆಂಡನ್ನು ನೆಲದಿಂದ ಎತ್ತಿ ಇಡುವ ಸಣ್ಣ ಗೂಟ, ಟೀ ಮೇಲೂ ಹೀಗೆಯೇ ಆಗುತ್ತದೆ. ಟೀಯನ್ನು ತೀರಾ ತಗ್ಗಿಸಿದರೆ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರಿನಿಂದ ಚೆಂಡನ್ನು ಮೇಲಿನಿಂದ ಕುಟ್ಟಿದಂತಾಗುತ್ತದೆ.

ಲೆಕ್ಕಕ್ಕೆ ನಾನಿಟ್ಟುಕೊಂಡ ಅಳತೆ: ಗಂಟೆಗೆ 16 ಕಿ.ಮೀ. ಎದುರುಗಾಳಿ ದೂರವನ್ನು ಸುಮಾರು ಶೇ. 10ರಷ್ಟು ಕಸಿಯುತ್ತದೆ, ಅದೇ ಗಾಳಿ ಬೆನ್ನಿಗಿದ್ದರೆ ಕೊಡುವುದು ಶೇ. 5 ಮಾತ್ರ. ಹಾಗಾಗಿ 150 ಗಜದ ಗುರಿ ಎದುರುಗಾಳಿಗೆ 165, ಬೆನ್ನಗಾಳಿಗೆ ಸುಮಾರು 143. ಬೆನ್ನಗಾಳಿಯಲ್ಲಿ ಚೆಂಡು ಚಪ್ಪಟೆಯಾಗಿ ಇಳಿದು ಓಡುತ್ತದೆ, ಎತ್ತರಕ್ಕೆ ಹೊಡೆಯುವ ಕ್ಲಬ್ಬಾದ ವೆಜ್‌ನಿಂದ ಹೊಡೆದದ್ದು ಕೂಡ ಗ್ರೀನ್ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು) ಮೇಲೆ ನಿಲ್ಲುವುದಿಲ್ಲ. ಗ್ರೀನಿನ ಮುಂದೆಯೇ ಬೀಳಿಸಿ.

ನಮ್ಮ ಕಡಲಂಚು ಹೆಚ್ಚೂಕಡಿಮೆ ಉತ್ತರ ದಕ್ಷಿಣವಾಗಿರುವುದರಿಂದ ಹೆಚ್ಚಾಗಿ ಸಿಗುವುದು ಅಡ್ಡಗಾಳಿ. ಉತ್ತರಕ್ಕೆ ಹೊಡೆಯುವಾಗ ಅದು ಎಡದಿಂದ, ತಿರುಗಿ ಬರುವಾಗ ಬಲದಿಂದ. 150 ಗಜಕ್ಕೆ ಚೆಂಡು ಹತ್ತು ಗಜಕ್ಕೂ ಹೆಚ್ಚು ಸರಿಯಬಹುದು. ಗಾಳಿಯ ವಿರುದ್ಧ ಚೆಂಡನ್ನು ಬಾಗಿಸಿ ಹಿಡಿದಿಡುವುದು ಪಳಗಿದವರ ಕೆಲಸ. ಉಳಿದವರು ಗುರಿಯನ್ನೇ ಪಕ್ಕಕ್ಕೆ ಸರಿಸಿ, ನೇರ ಹೊಡೆದು, ಗಾಳಿ ತಂದುಕೊಡಲಿ ಎಂದು ಬಿಡುವುದೇ ಸರಿ. ಎಡದಿಂದ ಗಾಳಿ ಇದ್ದಾಗ ಸ್ಲೈಸ್ ಆಗುವ, ಅಂದರೆ ಚೆಂಡು ಬಲಕ್ಕೆ ಬಾಗುವ, ಬಲಗೈ ಆಟಗಾರರು ಇನ್ನೂ ಹೆಚ್ಚು ಎಡಕ್ಕೆ ಗುರಿ ಇಡಬೇಕು.

ಹುಲ್ಲು ಚಿವುಟಿ ಎಸೆದರೆ ತಿಳಿಯುವುದು ಸೊಂಟದೆತ್ತರದ ಗಾಳಿ. ಚೆಂಡು ಹೋಗುವುದು 70–80 ಅಡಿ ಮೇಲೆ. ಅದಕ್ಕೆ ಗಾಳಿಮರದ ತುದಿ, ತೆಂಗಿನ ಹೆಡೆ ನೋಡಬೇಕು. ಬುಡದಲ್ಲಿ ನಿಶ್ಚಲವಾಗಿದ್ದು ತುದಿ ತೊನೆಯುತ್ತಿದ್ದರೆ ನಂಬಬೇಕಾದ್ದು ತುದಿಯನ್ನು.

ಪಟ್ ಮಾಡುವಾಗ, ಅಂದರೆ ಗ್ರೀನ್ ಮೇಲೆ ಚೆಂಡನ್ನು ಕುಳಿಯ ಕಡೆ ಉರುಳಿಸುವಾಗ, ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಗ್ರಿಪ್ ಕೆಳಗೆ ಹಿಡಿದು ನಿಲ್ಲಿ. ಮೈ ಅಲುಗುವುದು ಅಷ್ಟಕ್ಕೆ ನಿಲ್ಲುತ್ತದೆ. ಗ್ರೀನ್ ಮೇಲಿನ ಚೆಂಡನ್ನು ಎತ್ತಿ ತಿರುಗಿ ಇಟ್ಟ ಮೇಲೆ ಗಾಳಿ ಸರಿಸಿದರೆ ಮೊದಲಿನ ಜಾಗಕ್ಕೇ ತಂದಿಡಬೇಕು, ದಂಡವಿಲ್ಲ. ಇನ್ನೂ ಎತ್ತಿರದಿದ್ದರೆ ಸರಿದು ನಿಂತಲ್ಲಿಂದಲೇ ಆಡಬೇಕು. 2019ರಿಂದ ನಿಯಮ ಹೀಗಿದೆ.

ಮರಳಿನ ಅಭ್ಯಾಸಕ್ಕೆ ಹಳೆಯ ಐರನ್ನುಗಳನ್ನೇ ಬಳಸಿ, ಮರಳು ಕ್ಲಬ್ಬಿನ ಮುಖದ ಗೀರುಗಳನ್ನು ಸವೆಸುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒರೆಸಿ, ಲೇಪವಿಲ್ಲದ ವೆಜ್‌ಗೆ ತೆಳ್ಳಗೆ ಎಣ್ಣೆ ಸವರಿ. ಉಪ್ಪಿನ ಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಗ್ರಿಪ್ಪನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಉಪ್ಪು ಕೂತರೆ ಮರುದಿನ ಬೆವರಿಗೆ ಕೈ ಜಾರುತ್ತದೆ.