ಹೊರಗಿನ ಗ್ರಾಫಿಕ್ಸ್ ಕಾರ್ಡ್‌ಗೆ ಎಟಿಎಕ್ಸ್ ಪವರ್ ಸಪ್ಲೈ ಜೋಡಿಸುವವರಿಗೆ
ಮದರ್‌ಬೋರ್ಡ್ ಇಲ್ಲದೆ ಎಟಿಎಕ್ಸ್ ಸಪ್ಲೈ (ಡೆಸ್ಕ್‌ಟಾಪ್ ಕಂಪ್ಯೂಟರ್‌ನ ಮಾಮೂಲಿ ಪವರ್ ಸಪ್ಲೈ) ಆನ್ ಆಗಬೇಕಾದರೆ 24 ಪಿನ್ ಕನೆಕ್ಟರ್‌ನ ಹಸಿರು ವೈರನ್ನು (ಪಿನ್ 16) ಪಕ್ಕದ ಕಪ್ಪು ವೈರಿಗೆ ಸೇರಿಸಬೇಕು. ಎಲ್ಲ ವೈರೂ ಕಪ್ಪಾಗಿದ್ದರೆ ಊಹೆ ಮಾಡಬೇಡಿ. ಸಪ್ಲೈ ಸ್ಟ್ಯಾಂಡ್‌ಬೈನಲ್ಲಿರುವಾಗ (ಪ್ಲಗ್ ಹಾಕಿ ಸ್ವಿಚ್ ಒತ್ತಿದ್ದರೂ ಇನ್ನೂ ಆನ್ ಆಗದಿರುವಾಗ) ಮಲ್ಟಿಮೀಟರ್ ಹಿಡಿಯಿರಿ: ಕ್ಲಿಪ್ ಇರುವ ಸಾಲಿನಲ್ಲಿ ವೋಲ್ಟೇಜ್ ತೋರಿಸುವುದು ಆ 16ನೇ ಪಿನ್ ಒಂದೇ. ಆಮೇಲೆ ಪ್ಲಗ್ ಕಿತ್ತು ಜಂಪರ್ (ಎರಡು ಪಿನ್ ಸೇರಿಸುವ ತುಂಡು ವೈರ್) ಹಾಕಿ. ಪೇಪರ್ ಕ್ಲಿಪ್ ಪರೀಕ್ಷೆಗಷ್ಟೇ ಸಾಕು, ಅಲುಗಿದರೆ ಆಟದ ಮಧ್ಯೆಯೇ ಕಾರ್ಡ್ ಆಫ್ ಆಗುತ್ತದೆ. ಖಾಯಂ ಬಳಕೆಗೆ ಸ್ವಿಚ್ ಇರುವ 24 ಪಿನ್ ಅಡಾಪ್ಟರ್ ಒಳ್ಳೆಯದು.

ಹೆಚ್ಚು ಅನಾಹುತ ಆಗುವುದು ರೈಸರ್ ಬೋರ್ಡಿನಲ್ಲಿ, ಅಂದರೆ ಕಾರ್ಡ್ ಕೂರಿಸುವ ಸ್ಲಾಟ್ ಇರುವ ಬೋರ್ಡಿನಲ್ಲಿ. ಕಾರ್ಡ್ ಸ್ಲಾಟ್‌ನಿಂದಲೇ 75 ವ್ಯಾಟ್‌ವರೆಗೆ ಎಳೆಯಬಹುದು. ಹಾರ್ಡ್ ಡಿಸ್ಕ್‌ಗೆ ಪವರ್ ಕೊಡುವ ಸಾಟಾ ಕನೆಕ್ಟರ್‌ನ 12 ವೋಲ್ಟ್ ಮಿತಿ 4.5 ಆಂಪಿಯರ್, ಅಂದರೆ 54 ವ್ಯಾಟ್ ಮಾತ್ರ. ಅದಕ್ಕೇ ರೈಸರ್‌ಗೆ ಹಾಕಿದ ಸಾಟಾ ಅಡಾಪ್ಟರ್‌ಗಳು ಕರಗುವುದುಂಟು. ರೈಸರ್‌ಗೆ ಸಪ್ಲೈನಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆಂದೇ ಇರುವ 6 ಪಿನ್ ಪಿಸಿಐಇ ಕೇಬಲನ್ನೇ ಕೊಡಿ.

8 ಪಿನ್ ಸಿಪಿಯು ಕೇಬಲ್ ನೋಡಲು ಪಿಸಿಐಇಯಂತೆಯೇ ಇದ್ದರೂ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಬಲವಂತವಾಗಿ ತುರುಕಿದರೆ ಶಾರ್ಟ್. ಮಾಡ್ಯುಲರ್ (ಕೇಬಲ್ ಕಳಚಬಹುದಾದ) ಸಪ್ಲೈಗೆ ಬೇರೆ ಮಾಡೆಲ್‌ನ ಕೇಬಲ್ ಹಾಕಲೇಬೇಡಿ, ಸಪ್ಲೈ ಕಡೆಯ ಪಿನ್ ಜೋಡಣೆಗೆ ಸ್ಟ್ಯಾಂಡರ್ಡ್ ಇಲ್ಲ.

ಕಾರ್ಡನ್ನು ಎಂ.2 (ಎಸ್‌ಎಸ್‌ಡಿ ಕೂರಿಸುವ ಸ್ಲಾಟ್) ಅಥವಾ ಆಕ್ಯುಲಿಂಕ್ (ಪಿಸಿಐಇಯನ್ನು ಹೊರಗೆ ತರುವ ಕೇಬಲ್ ಪೋರ್ಟ್) ಮೂಲಕ ಜೋಡಿಸಿದ್ದರೆ ಮೊದಲು ಸಪ್ಲೈ, ಆಮೇಲೆ ಕಂಪ್ಯೂಟರ್ ಆನ್ ಮಾಡಿ. ಇಲ್ಲದಿದ್ದರೆ ಬೂಟ್ ವೇಳೆ ಕಾರ್ಡ್ ಕಾಣುವುದಿಲ್ಲ. ಕಂಪ್ಯೂಟರ್ ಓಡುತ್ತಿರುವಾಗ ಕೇಬಲ್ ಮಾತ್ರ ಕೀಳಬೇಡಿ.