ಕಚೇರಿಯ ರದ್ದಿ: ಡಬ್ಬ ಇಟ್ಟರಷ್ಟೇ ಸಾಲದು

ಎಷ್ಟೋ ಕಚೇರಿಗಳಲ್ಲಿ ಇದೇ ಕತೆ ನೋಡಿದ್ದೇನೆ. ಮರುಬಳಕೆ ಅಂತ ಮೂಲೆಯಲ್ಲೊಂದು ಚೆಂದದ ಡಬ್ಬ ಬಂದು ಕೂರುತ್ತದೆ. ಎರಡೇ ವಾರದಲ್ಲಿ ಅದರೊಳಗೆ ಅರ್ಧ ಕುಡಿದ ಲೋಟ, ಒದ್ದೆ ಟಿಶ್ಯೂ, ಎಣ್ಣೆ ಹತ್ತಿದ ಪೊಟ್ಟಣ ಸೇರಿರುತ್ತವೆ. ರದ್ದಿ ಒಯ್ಯಲು ಬಂದವರು ಮೂಟೆ ಬಿಚ್ಚಿ ನೋಡಿ, ಬೇಡ ಅಂತ ಅಲ್ಲೇ ಬಿಟ್ಟು ಹೋಗುತ್ತಾರೆ. ತಪ್ಪು ಅವರದಲ್ಲ.

ಮೊದಲು ತೂಕದ ಅಂದಾಜು ಬೇಕು. 80 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ) ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. 500 ಹಾಳೆಯ ರೀಮ್ ಅಂದರೆ ಎರಡೂವರೆ ಕಿಲೋ. ತಿಂಗಳಿಗೆ ಎಷ್ಟು ರೀಮ್ ತರಿಸುತ್ತೀರಿ ಎಂದು ನೋಡಿದರೆ ವಾರಕ್ಕೊಮ್ಮೆ ಗಾಡಿ ಬರಬೇಕೋ ತಿಂಗಳಿಗೊಮ್ಮೆ ಸಾಕೋ ಗೊತ್ತಾಗುತ್ತದೆ.

ಎರಡನೆಯದು, ಏನೇನು ಒಯ್ಯುತ್ತೀರಿ ಎಂದು ಸೇವೆಯವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ: ಬೇರ್ಪಡಿಸುವುದು. ಬಿಳಿ ಹಾಳೆ ಒಂದು ಕಡೆ, ಬಣ್ಣದ ಕಾಗದ, ಲಕೋಟೆ, ಪತ್ರಿಕೆ ಇನ್ನೊಂದು ಕಡೆ, ರಟ್ಟು ಮತ್ತೊಂದು ಕಡೆ. ಬಿಳಿ ಹಾಳೆಗೆ ಬೆಲೆ ಜಾಸ್ತಿ. ಅದಕ್ಕೆ ಬೇರೆ ಕಾಗದ ಬೆರೆತರೆ ಇಡೀ ಮೂಟೆ ಕಡಿಮೆ ದರ್ಜೆಗೆ ಇಳಿಯುತ್ತದೆ.

ಅನುಮಾನ ಬಂದ ಕಾಗದಕ್ಕೆ ಮೂರು ಪರೀಕ್ಷೆ ಸಾಕು. ಹರಿದು ನೋಡಿ. ಅಂಚಿನಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಎಳೆದುಕೊಂಡು ಬಂದರೆ ಅದನ್ನು ಹಾಕಬೇಡಿ. ಕಾಗದದ ಲೋಟ ಸಿಕ್ಕಿಬೀಳುವುದು ಇಲ್ಲೇ. ‘ಪರಿಸರಸ್ನೇಹಿ’ ಎಂದು ಅಚ್ಚು ಹಾಕಿದ ಲೋಟವನ್ನೂ ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಮುದ್ದೆ ಮಾಡಿ ನೋಡಿ. ಮತ್ತೆ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇರುವ ಸಾಧ್ಯತೆ ಹೆಚ್ಚು. ಇನ್ನು ಬಿಲ್ಲು, ರಸೀದಿ. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಮೂಡುತ್ತದಾ? ಅದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಅದರ ಮೇಲೆ ರಾಸಾಯನಿಕದ ಲೇಪ ಇರುತ್ತದೆ, ಡಬ್ಬಕ್ಕೆ ಬೇಡ.

ಜನ ಹೆದರುವುದು ಮಾತ್ರ ಸ್ಟೇಪ್ಲರ್ ಪಿನ್ನಿಗೆ! ಕೂತು ಒಂದೊಂದೇ ಪಿನ್ ಕೀಳುವವರನ್ನು ನೋಡಿ ಅಯ್ಯೋ ಅನಿಸಿದೆ. ಕಾರ್ಖಾನೆಯಲ್ಲಿ ಕಾಗದವನ್ನು ನೀರಿನಲ್ಲಿ ಕದಡಿ ತಿರುಳು ಮಾಡುವಾಗ ಪಿನ್ನು ತಳ ಸೇರುತ್ತದೆ, ಉಳಿದದ್ದನ್ನು ಜರಡಿ ಹಿಡಿಯುತ್ತದೆ. ನಿಜವಾದ ತಲೆನೋವು ಅಂಟು. ಟೇಪು, ಸ್ಟಿಕ್ಕರ್‌ಗಳ ಅಂಟು ಮೆತ್ತಗಾಗಿ ಜರಡಿಯಿಂದಲೂ ನುಸುಳಿ, ಹೊಸ ಹಾಳೆಯಲ್ಲಿ ಕಲೆಯಾಗಿ ಕೂರುತ್ತದೆ. ದಪ್ಪ ಕ್ಲಿಪ್ಪು, ಫೈಲಿನ ಲೋಹದ ಪಟ್ಟಿ, ಪ್ಲಾಸ್ಟಿಕ್ ಕವರ್ ಇವಿಷ್ಟನ್ನು ತೆಗೆದರೆ ಸಾಕು.

ಡಬ್ಬ ಎಲ್ಲಿಡಬೇಕು? ಪ್ರಿಂಟರ್ ಪಕ್ಕದಲ್ಲೇ. ಕಸದ ಬುಟ್ಟಿಯೂ ಜೊತೆಗಿರಲಿ. ಅದು ದೂರ ಇದ್ದರೆ ಕೈಯಲ್ಲಿದ್ದ ಲೋಟ ಸೀದಾ ಕಾಗದದ ಡಬ್ಬಕ್ಕೇ ಬೀಳುತ್ತದೆ. ಡಬ್ಬದ ಬಾಯಿ ಹಾಳೆ ತೂರುವಷ್ಟು ಕಿರಿದಾಗಿರಲಿ. ಹತ್ತು ಪೋಸ್ಟರ್ ಮಾಡದ ಕೆಲಸವನ್ನು ಆ ಸೀಳು ಮಾಡುತ್ತದೆ.

ಗುಟ್ಟಿನ ಕಾಗದಕ್ಕೆ ಬೀಗವಿರುವ ಡಬ್ಬ ಬೇರೆಯೇ ಇರಲಿ. ಎಲ್ಲವನ್ನೂ ಸುಮ್ನೆ ಶ್ರೆಡರ್‌ಗೆ ಹಾಕಬೇಡಿ. ಚೂರಾದಷ್ಟೂ ನಾರು ತುಂಡಾಗುತ್ತದೆ, ತುಂಡು ನಾರಿನಿಂದ ಗಟ್ಟಿ ಕಾಗದ ಆಗುವುದಿಲ್ಲ. ಹೇಗೂ ಒಂದು ನಾರು ಐದರಿಂದ ಏಳು ಸಲ ಮರುಬಳಕೆಯಾದರೆ ಹೆಚ್ಚು. ಉದ್ದುದ್ದ ಪಟ್ಟಿ ಕತ್ತರಿಸುವ ಅಗ್ಗದ ಶ್ರೆಡರ್ ಅಂತೂ ದಂಡ. ತಾಳ್ಮೆ ಇದ್ದವರು ಆ ಪಟ್ಟಿಗಳನ್ನು ಜೋಡಿಸಿ ಓದಿಬಿಡಬಹುದು. ಶ್ರೆಡರ್ ಎಷ್ಟು ಸಣ್ಣಗೆ ಕತ್ತರಿಸುತ್ತದೆ ಎಂದು ಹೇಳುವ ಮಟ್ಟಗಳಿವೆ, ಕನಿಷ್ಠ ಪಿ-4 ಮಟ್ಟದ್ದನ್ನು ತೆಗೆದುಕೊಳ್ಳಿ. ಅದರ ಚೂರು 160 ಚದರ ಮಿಲಿಮೀಟರ್ ಮೀರುವುದಿಲ್ಲ. ಚೂರನ್ನು ಬೇರೆ ಚೀಲದಲ್ಲೇ ಕೊಡಿ, ಬಿಡಿಯಾಗಿ ಸುರಿದರೆ ವಿಂಗಡಿಸುವ ಯಂತ್ರದ ಸಂದಿಯಲ್ಲಿ ಸೋರಿ ಹೋಗುತ್ತದೆ.

ರಟ್ಟಿನ ಪೆಟ್ಟಿಗೆ ಚಪ್ಪಟೆ ಮಾಡಿ, ಎಲ್ಲವನ್ನೂ ಒಣ ಜಾಗದಲ್ಲಿಡಿ. ನೆನೆದ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ನೀರಿನ ತೂಕಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಕೊನೆಗೆ ಒಪ್ಪಂದ. ತೂಕ ನಿಮ್ಮೆದುರೇ ಆಗಬೇಕು, ಚೀಟಿ ಆಗಲೇ ಕೈಗೆ ಬರಬೇಕು. ಗುಟ್ಟಿನ ಕಾಗದ ನಾಶವಾದದ್ದಕ್ಕೆ ಪ್ರಮಾಣಪತ್ರ ಕೇಳಿ. ಅದರಲ್ಲಿ ದಿನಾಂಕವೂ ತೂಕವೂ ಇರಲಿ. ಆ ತೂಕ ನಿಮ್ಮ ಚೀಟಿಗೆ ತಾಳೆಯಾಗದಿದ್ದರೆ ಅದೇ ದಿನ ಫೋನ್ ಮಾಡಿ.